ಮಳೆಗಾಲಕ್ಕೂ ತೊಳೆದುಹೋಗದ ಮಣ್ಣು: ಕರಾವಳಿಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕರಾವಳಿ ವಲಯ ನಿರ್ವಹಣೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ,

ಕಾರವಾರ ತಾಲ್ಲೂಕಿನ ನಿವೃತ್ತ ವಿಜ್ಞಾನ ಶಿಕ್ಷಕನೊಬ್ಬನ ವಂದನೆಗಳು.

ವಿಷಯ: ಕೊಲ್ಲಿಯೊಳಗಿನ ಬಂಡೆದಂಡೆಗಳ ಮೇಲೆ ಮಣ್ಣು ಸುರಿಯುತ್ತಿರುವುದು, ಅಲ್ಲಿ ಬದುಕುವ ಜೀವಿಗಳು ನಿಮ್ಮ ಕಡತಗಳಲ್ಲಿ ಇಲ್ಲದಿರುವುದು.

ಮಾನ್ಯರೇ,

ಕಳೆದ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಊರಿನ ಸಣ್ಣ ಕೊಲ್ಲಿಯ ಅಂಚಿನಲ್ಲಿ ಕಾಮಗಾರಿ ಶುರುವಾಯಿತು. ಗುಡ್ಡದ ಬುಡ ಕಡಿದು ದಾರಿ ಅಗಲ ಮಾಡುವುದು, ಕಡಲ ಕಡೆಗೆ ಕಲ್ಲಿನ ತಡೆಗೋಡೆ ಕಟ್ಟುವುದು ಯೋಜನೆ. ಕಡಿದ ಕೆಂಪು ಮಣ್ಣನ್ನು ಬೇರೆಡೆಗೆ ಸಾಗಿಸುವುದಾಗಿ ಕಾಗದದಲ್ಲಿ ಇತ್ತಂತೆ. ನಾನು ಕಣ್ಣಾರೆ ಕಂಡಂತೆ ಅದರ ಬಹುಪಾಲು ಕೆಳಗಿನ ಬಂಡೆಗಳ ಮೇಲೆಯೇ ಬಿತ್ತು. ಟಿಪ್ಪರ್‌ಗಳು ಹಿಂದಕ್ಕೆ ಬಂದು, ಡಬ್ಬಿ ಎತ್ತಿ, ಸುರಿದು ಹೋಗುತ್ತಿದ್ದವು. ಗುತ್ತಿಗೆದಾರರು ಯಾರು, ಕೆಲಸ ಯಾವ ಇಲಾಖೆಯದು ಎಂದು ಇಲ್ಲಿ ಬರೆಯುವುದಿಲ್ಲ. ಒಬ್ಬರನ್ನು ಬೈದು ಹಗುರಾಗುವುದು ಈ ಪತ್ರದ ಉದ್ದೇಶವಲ್ಲ. ಅದೂ ಅಲ್ಲದೆ ಆ ಹೆಸರುಗಳು ನಿಮ್ಮ ಕಡತದಲ್ಲಿ ಹೇಗೂ ಇವೆ.

ಊರಿನ ಕೆಲವರು ಸಹಿ ಹಾಕಿ ಒಂದು ಮನವಿ ಕೊಟ್ಟೆವು. ಅದನ್ನು ತೆಗೆದುಕೊಂಡ ಅಧಿಕಾರಿ ಸಜ್ಜನರು, ಚಹಾ ತರಿಸಿಕೊಟ್ಟರು. ‘ಮಾಸ್ತರರೇ, ಚಿಂತೆ ಮಾಡಬೇಡಿ, ಮಳೆಗಾಲ ಬಂದರೆ ಎಲ್ಲ ತೊಳೆದುಹೋಗುತ್ತದೆ’ ಎಂದರು. ಮಳೆಗಾಲ ಬಂತು, ಹೋಯಿತು. ಮಣ್ಣು ಅಲ್ಲೇ ಇದೆ. ಆ ಒಂದು ಮಾತಿಗೆ ಉತ್ತರ ಕೊಡುವುದಕ್ಕಾಗಿಯೇ ಈ ಪತ್ರ. ಏಕೆಂದರೆ ಆ ಮಾತು ಒಬ್ಬ ಅಧಿಕಾರಿಯ ಬಾಯಿಂದ ಬಂದಿದ್ದರೂ, ನಮ್ಮ ಕಡಲಂಚಿನ ಎಷ್ಟೋ ಅನುಮತಿಗಳ ಹಿಂದೆ ಅದೇ ನಂಬಿಕೆ ಕೆಲಸ ಮಾಡುತ್ತಿದೆ.

ಮಾನ್ಯರೇ, ಕಾರವಾರ ಬಂದರನ್ನು ಸರ್ಕಾರಿ ಕಾಗದಗಳು ಏನೆಂದು ಹೊಗಳುತ್ತವೆ? ಸರ್ವಋತು ಬಂದರು ಎಂದು. ಕಡಲಿಗೆ ಚಾಚಿಕೊಂಡ ಗುಡ್ಡ ನೈಋತ್ಯದ ಅಲೆಯನ್ನು ತಡೆಯುತ್ತದೆ. ಕೂರ್ಮಗಡ, ದೇವಗಡ ದ್ವೀಪಗಳು ಪಶ್ಚಿಮದಿಂದ ಬರುವ ರಭಸವನ್ನು ಮುರಿಯುತ್ತವೆ. ಚಂಡಮಾರುತದ ಸೂಚನೆ ಬಂದಾಗ ಗೋವಾ, ಕೇರಳ, ತಮಿಳುನಾಡಿನ ಮೀನುಗಾರಿಕೆ ದೋಣಿಗಳು ಕಾರವಾರದ ಮೀನುಗಾರಿಕಾ ಬಂದರಾದ ಬೈತಖೋಲದತ್ತ ಓಡಿಬಂದು ಲಂಗರು ಹಾಕುವುದು ಇದೇ ಕಾರಣಕ್ಕೆ. ಸುತ್ತಲಿನ ಸಣ್ಣ ಕೊಲ್ಲಿಗಳಿಗೂ ಹೀಗೇ ಗುಡ್ಡಗಳ ಮರೆ ಇದೆ. ಹಡಗಿನ ಮಾತು ಬಂದಾಗ ಇಲ್ಲಿ ಅಲೆಯಿಲ್ಲ, ಮಣ್ಣಿನ ಮಾತು ಬಂದಾಗ ಅಲೆ ಎಲ್ಲವನ್ನೂ ತೊಳೆಯುತ್ತದೆ! ಎರಡೂ ಒಟ್ಟಿಗೆ ನಿಜವಾಗಲು ಹೇಗೆ ಸಾಧ್ಯ?

ತೆರೆದ ಕಡಲಿಗೆ ಮುಖ ಮಾಡಿದ ಬಂಡೆಯ ಮೇಲೆ ಮಣ್ಣು ಬಿದ್ದರೆ ಜೂನ್ ತಿಂಗಳ ಅಲೆಗಳು ಅದನ್ನು ಕೆರೆದು ಹೊತ್ತೊಯ್ಯುತ್ತವೆ, ಒಪ್ಪುತ್ತೇನೆ. ಮರೆಯ ಕೊಲ್ಲಿಯೊಳಗೆ ನಡೆಯುವುದು ಇದಕ್ಕೆ ಪೂರ್ತಿ ತದ್ವಿರುದ್ಧ. ಉಬ್ಬರದ ನೀರು ಮಣ್ಣನ್ನು ಕದಡುತ್ತದೆ, ಇಳಿತಕ್ಕೆ ಅದನ್ನು ಮತ್ತೆ ಅಲ್ಲೇ ಕೂರಿಸುತ್ತದೆ. ಮಳೆಗಾಲದಲ್ಲಿ ಕಡಿದ ಗುಡ್ಡದಿಂದ ಹೊಸ ಮಣ್ಣು ಹರಿದುಬಂದು ಅದರ ಮೇಲೆ ಕೂರುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಬೋಳು ಗುಡ್ಡದಿಂದ ಎಷ್ಟು ಇಳಿಯಬಹುದೆಂದು ಲೆಕ್ಕ ಹಾಕಲು ತಜ್ಞರು ಬೇಕಿಲ್ಲ. ಈ ವರ್ಷ ಮಳೆ ನಿಂತ ಮೇಲೆ ನಾನು ಆ ಬಂಡೆಗಳ ಮೇಲೆ ಬೆರಳಿನಿಂದ ಗೀರಿ ನೋಡಿದೆ. ಮೇಲ್ಪದರ ಕೆಂಪು, ಒಳಗೆ ಕಪ್ಪು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಗಾಳಿ ಆಡದ ಕೆಸರಿನ ಗುರುತು ಅದು. ಅದರಡಿಯಲ್ಲಿದ್ದ ಸಿಂಪಿಗಳ ಮೇಲಿನ ಚಿಪ್ಪು ಬೆರಳು ತಾಗಿದರೆ ಎದ್ದುಬರುತ್ತಿತ್ತು. ಒಳಗೆ ಮಾಂಸ ಇರಬೇಕಾದ ಜಾಗದಲ್ಲಿ ಅದೇ ಕರಿ ಕೆಸರು ತುಂಬಿತ್ತು.

ಅಲ್ಲಿ ಏನಿತ್ತು ಎಂಬುದನ್ನು ಈಗ ಹೇಳಬೇಕು. ಯೋಜನೆಯ ಪರಿಸರ ವರದಿಯಲ್ಲಿ ಈ ದಂಡೆಯ ಬಗ್ಗೆ ಇರುವುದು ಒಂದೇ ಸಾಲು: ಬಂಡೆಗಳಿಂದ ಕೂಡಿದ ಪ್ರದೇಶ, ಗಮನಾರ್ಹ ಜೀವಿಗಳು ಕಂಡುಬಂದಿಲ್ಲ. ಜೊತೆಗೆ ಒಂದು ಫೋಟೊ. ಫೋಟೊದಲ್ಲಿ ನೀರು ತಡೆಗೋಡೆಯ ಗುರುತಿನ ಕಲ್ಲಿನವರೆಗೂ ನಿಂತಿದೆ, ಅಂದರೆ ತುಂಬು ಉಬ್ಬರದ ಹೊತ್ತು. ಮನೆಮಂದಿಯೆಲ್ಲ ಗದ್ದೆಗೆ ಹೋಗಿರುವಾಗ ಬಂದು, ಬೀಗ ನೋಡಿ, ಈ ಮನೆಯಲ್ಲಿ ಯಾರೂ ವಾಸವಿಲ್ಲ ಎಂದು ಬರೆದುಕೊಂಡು ಹೋದ ಜನಗಣತಿ ಇದು.

ಹುಣ್ಣಿಮೆ ಅಥವಾ ಅಮಾವಾಸ್ಯೆಯ ಹಿಂದುಮುಂದಿನ ದಿನಗಳಲ್ಲಿ, ನೀರು ಪೂರ್ತಿ ಇಳಿದಾಗ ಬಂದಿದ್ದರೆ ಏನು ಕಾಣುತ್ತಿತ್ತು ಎಂದು ಹೇಳುತ್ತೇನೆ. ಎಲ್ಲಕ್ಕಿಂತ ಮೇಲೆ, ಬಂಡೆಯ ಒಣ ಬಿರುಕುಗಳಲ್ಲಿ, ಮೆಣಸಿನ ಕಾಳಿನಷ್ಟಿರುವ ಕಡಲ ಬಸವನಹುಳುಗಳು ಒಂದಕ್ಕೊಂದು ಅಂಟಿ ಗುಂಪಾಗಿ ಕೂತಿರುತ್ತವೆ. ಬಾಗಿಲು ಮುಚ್ಚಿಕೊಂಡು ದಿನಗಟ್ಟಲೆ ನೀರಿಲ್ಲದೆ ಇರಬಲ್ಲವು. ಅವುಗಳ ಕೆಳಗೆ ಬಾರ್ನಕಲ್‌ಗಳ ಬೂದು ಪಟ್ಟಿ. ನೋಡಲು ಕಲ್ಲಿನ ಮೇಲಿನ ಬೊಕ್ಕೆಯಂತಿದ್ದರೂ ಇವು ಸಿಗಡಿ, ಏಡಿಗಳ ಬಳಗಕ್ಕೆ ಸೇರಿದವು. ಮರಿಯಾಗಿದ್ದಾಗ ನೀರಿನಲ್ಲಿ ತೇಲುತ್ತಾ ಜಾಗ ಹುಡುಕುತ್ತವೆ. ತಮ್ಮ ಜಾತಿಯ ದೊಡ್ಡವು ಎಲ್ಲಿವೆ ಎಂದು ಮೂಸಿ, ಅಲ್ಲಿ ತಲೆಯನ್ನು ಕಲ್ಲಿಗೆ ಅಂಟಿಸಿಕೊಂಡುಬಿಡುತ್ತವೆ. ಆಮೇಲೆ ಜೀವಮಾನವಿಡೀ ಕಾಲುಗಳನ್ನು ಹೊರಗೆ ಚಾಚಿ, ನೀರಿನಲ್ಲಿ ಬಂದದ್ದನ್ನು ಬಾಚಿಕೊಂಡು ತಿನ್ನುತ್ತವೆ. ಅದೇ ಮಟ್ಟದಲ್ಲಿ ಮತ್ತು ಸ್ವಲ್ಪ ಕೆಳಗೆ ಬಂಡೆಸಿಂಪಿ, ನಮ್ಮ ಕಡೆಯವರು ಕಲ್ವ ಎನ್ನುವುದು. ಇನ್ನೂ ಕೆಳಗೆ ಪಚ್ಚಿಲೆ ಎಂಬ ಹಸಿರಂಚಿನ ಜೋಡಿಚಿಪ್ಪಿನ ಜೀವಿ, ಪಾಚಿಗಳು, ಮುಟ್ಟಿದರೆ ಮುದುಡಿಕೊಳ್ಳುವ ಕಡಲ ಹೂಗಳು. ಸಡಿಲ ಕಲ್ಲನ್ನು ಮೆಲ್ಲನೆ ಮಗುಚಿದರೆ ಅಡಿಯಲ್ಲಿ ಸ್ಪಂಜುಗಳು, ಅಂಗೈಯಲ್ಲಿ ಮಿಸುಕುವ ಪುಟ್ಟ ಏಡಿಗಳು, ಎಂಟು ಫಲಕಗಳ ಕವಚ ಹೊದ್ದ ಕೈಟನ್. (ಮಗುಚಿದ ಕಲ್ಲನ್ನು ಹಾಗೆಯೇ ತಿರುಗಿಸಿ ಇಡಬೇಕು. ನಮ್ಮ ಪ್ರವಾಸಿಗರಿಗೆ ಇಷ್ಟನ್ನು ಕಲಿಸಿದರೂ ಪುಣ್ಯ.)

ಲಿಂಪೆಟ್ ಎಂಬ ಟೋಪಿಯಾಕಾರದ ಚಿಪ್ಪುಜೀವಿಯ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳುತ್ತೇನೆ, ಏಕೆಂದರೆ ಮಣ್ಣು ಮೊದಲು ಬಲಿ ತೆಗೆದುಕೊಳ್ಳುವುದು ಇದನ್ನು. ಬಂಡೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಬೆಳೆಯುವ ಪಾಚಿಯ ಪೊರೆಯೇ ಇದರ ಆಹಾರ. ಅರದಂಥ ನಾಲಿಗೆಯಿಂದ ಅದನ್ನು ಕೆರೆದು ತಿನ್ನುತ್ತಾ ಸಾಗುತ್ತದೆ. ಇದರ ಕೆಲವು ಜಾತಿಗಳು ಮೇಯ್ದು ಮುಗಿಸಿ, ಬಂಡೆಯ ಮೇಲೆ ತಮ್ಮ ಚಿಪ್ಪಿನ ಅಂಚಿಗೆ ಸರಿಹೊಂದುವಂತೆ ಸವೆದ ಅದೇ ಗುರುತಿಗೆ ವಾಪಸಾಗುತ್ತವೆ. ಚಿಪ್ಪಿಗೂ ಬಂಡೆಗೂ ನಡುವೆ ಸಂದಿಲ್ಲದಂತೆ ಕೂರುವುದರಿಂದಲೇ ಬಿಸಿಲಿಗೆ ಒಣಗದೆ ಉಳಿಯುತ್ತವೆ. ಈಗ ಆ ಬಂಡೆಯ ಮೇಲೆ ಕಾಗದದಷ್ಟು ತೆಳುವಾದ ಮಣ್ಣಿನ ಪದರ ಕೂತಿತು ಎನ್ನೋಣ. ತಿನ್ನಲು ಪಾಚಿ ಸಿಗುವುದಿಲ್ಲ, ಪಾದಕ್ಕೆ ಹಿಡಿತ ಸಿಗುವುದಿಲ್ಲ. ಯಾರೂ ಸುತ್ತಿಗೆ ಎತ್ತಲಿಲ್ಲ, ಬಂಡೆ ಒಡೆಯಲಿಲ್ಲ, ವಿಷ ಸುರಿಯಲಿಲ್ಲ. ಆದರೂ ದಂಡೆ ಸತ್ತಿತು. ನೀರಿನಿಂದ ಆಹಾರ ಸೋಸಿ ತಿನ್ನುವ ಸಿಂಪಿ, ಪಚ್ಚಿಲೆಗಳ ಪಾಡೂ ಇದೇ. ಬೆಳೆದ ಒಂದು ಪಚ್ಚಿಲೆ ಗಂಟೆಗೆ ಲೀಟರುಗಟ್ಟಲೆ ನೀರನ್ನು ತನ್ನೊಳಗೆ ಹಾಯಿಸಿಕೊಳ್ಳುತ್ತದೆ. ಆ ನೀರಿನ ತುಂಬ ಜೇಡಿಯಿದ್ದರೆ ಅದರ ಕಿವಿರು ಕಟ್ಟಿಕೊಳ್ಳುತ್ತದೆ.

ಇದರ ಜೊತೆಗೆ ಕಾಲದ ಪ್ರಶ್ನೆಯೊಂದಿದೆ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಅತಿ ಮುಖ್ಯವಾದದ್ದು ಇದೇ. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಕೊಲ್ಲಿಗೆ ನುಗ್ಗಿ ಉಪ್ಪಿನಂಶ ಕುಸಿಯುತ್ತದೆ. ಸಿಂಪಿಗಳು ಚಿಪ್ಪು ಮುಚ್ಚಿಕೊಂಡು ಆ ದಿನಗಳನ್ನು ಕಳೆಯುತ್ತವೆ, ಪಚ್ಚಿಲೆಗಳಲ್ಲಿ ಹಲವು ಸಾಯುತ್ತವೆ. ಇದು ಪ್ರಕೃತಿಯೇ ಕೊಡುವ ಪೆಟ್ಟು, ಪ್ರತಿವರ್ಷದ್ದು. ಮಳೆ ಇಳಿಮುಖವಾಗಿ ನೀರು ಮತ್ತೆ ಉಪ್ಪಾಗತೊಡಗಿದಾಗ, ಸೆಪ್ಟೆಂಬರ್‌ನಿಂದ ಮುಂದಿನ ಕೆಲವು ತಿಂಗಳಲ್ಲಿ, ಹೊಸ ಮರಿಗಳು ಬಂದು ಬಂಡೆಗೆ ಅಂಟಿ ಆ ನಷ್ಟ ತುಂಬಿಕೊಡುತ್ತವೆ. ಅವಕ್ಕೆ ಬೇಕಾದದ್ದು ಸ್ವಚ್ಛವಾದ, ಗಟ್ಟಿಯಾದ, ಬರಿಯ ಕಲ್ಲು. ನಮ್ಮ ಕಾಮಗಾರಿಗಳ ಪಂಚಾಂಗ ನೋಡಿ: ಮಳೆ ನಿಂತ ಕೂಡಲೇ, ಅಕ್ಟೋಬರಿನಲ್ಲಿ, ಜೆಸಿಬಿಗಳು ಕೆಲಸಕ್ಕೆ ಇಳಿಯುತ್ತವೆ. ಮರಿ ಕೂರುವ ತಿಂಗಳೂ ಮಣ್ಣು ಬೀಳುವ ತಿಂಗಳೂ ಒಂದೇ. ಒಂದು ಹಂಗಾಮಿನ ಮರಿಗಳು ಕೂರಲಿಲ್ಲ ಎಂದರೆ ಮುಂದಿನ ವರ್ಷದ ಕಲ್ವ ಇಲ್ಲ.

ಕಲ್ವ ಇಲ್ಲ ಎಂದರೆ ಯಾರಿಗೆ ನಷ್ಟ? ನಮ್ಮ ಊರಿನ ಮೀನುಗಾರ ಹೆಣ್ಣುಮಕ್ಕಳಿಗೆ. ಇಳಿತದ ಹೊತ್ತು ನೋಡಿಕೊಂಡು, ಸಣ್ಣ ಸುತ್ತಿಗೆ ಮತ್ತು ಡಬ್ಬ ಹಿಡಿದು ಅವರು ಬಂಡೆಗೆ ಇಳಿಯುತ್ತಾರೆ. ಮೇಲಿನ ಚಿಪ್ಪಿಗೆ ಒಂದು ಪೆಟ್ಟು, ಮೊನೆಯಿಂದ ಮಾಂಸ ಬಿಡಿಸಿ ಡಬ್ಬಕ್ಕೆ. ಕೆಳಗಿನ ಚಿಪ್ಪು ಬಂಡೆಯಲ್ಲೇ ಉಳಿಯುತ್ತದೆ. ಆ ಉಳಿದ ಚಿಪ್ಪಿನ ಮೇಲೆ ಮುಂದಿನ ಮರಿ ಕೂರುತ್ತದೆ. ಯಾವ ಸಂರಕ್ಷಣಾ ತರಬೇತಿಯೂ ಇಲ್ಲದೆ ಅವರು ರೂಢಿಸಿಕೊಂಡಿರುವ ಈ ಕ್ರಮಕ್ಕಿಂತ ಉತ್ತಮವಾದದ್ದನ್ನು ನಾವು ಯಾರೂ ಹೇಳಿಕೊಡಲಾರೆವು. ದೋಣಿ ಇಲ್ಲದ, ಡೀಸೆಲ್ ಸಹಾಯಧನ ಇಲ್ಲದ, ಮೀನುಗಾರಿಕೆಯ ಅಂಕಿಅಂಶಗಳಲ್ಲೂ ಕಾಣದ ದುಡಿಮೆ ಇದು. ಪರಿಹಾರದ ಪಟ್ಟಿ ಮಾಡುವಾಗ ಬಲೆ, ದೋಣಿ ಎಣಿಸುವ ಅಧಿಕಾರಿಗಳು ಸುತ್ತಿಗೆ ಎಣಿಸಿದ್ದನ್ನು ನಾನು ಕಂಡಿಲ್ಲ. ಇತ್ತೀಚೆಗೆ ಕೆಲವರು ಹೋಟೆಲುಗಳಿಗೆ ಮಾರಲು ಹಾರೆ ಹಾಕಿ ಪಚ್ಚಿಲೆಯನ್ನು ಗೊಂಚಲುಗೊಂಚಲಾಗಿ ಕಿತ್ತೊಯ್ಯುತ್ತಿರುವುದೂ ನಿಜ. ಅದಕ್ಕೂ ಕಡಿವಾಣ ಬೇಕು, ಅದು ಬೇರೆ ಪತ್ರದ ವಿಷಯ.

ಇನ್ನು ಕಾನೂನಿಗೆ ಬರೋಣ. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆ 1991ರಲ್ಲಿ ಬಂತು, 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಅತಿ ಸೂಕ್ಷ್ಮವೆಂದು ಗುರುತಿಸಿದ ಸಿಆರ್‌ಝಡ್-1ಎ ಪಟ್ಟಿಯಲ್ಲಿ ಕಾಂಡ್ಲಾ ಕಾಡು, ಹವಳ, ಮರಳದಿಬ್ಬ, ಜೀವಿಗಳಿರುವ ಕೆಸರುಬಯಲು, ಉಪ್ಪುಜೌಗು, ಕಡಲ ಹುಲ್ಲು, ಆಮೆ ಮೊಟ್ಟೆಯಿಡುವ ತಾಣ, ಹಕ್ಕಿ ಗೂಡುಕಟ್ಟುವ ತಾಣ ಎಲ್ಲವೂ ಇವೆ. ಬಂಡೆದಂಡೆ ಇಲ್ಲ. ಉಬ್ಬರ ರೇಖೆಗೂ ಇಳಿತ ರೇಖೆಗೂ ನಡುವಿನ ಜಾಗ ಎಂಬ ಕಾರಣಕ್ಕೆ ಅದು 1ಬಿ ವರ್ಗಕ್ಕೆ ಸೇರುತ್ತದೆ. ಆ ವರ್ಗದಲ್ಲಿ ಬಂದರು, ಜೆಟ್ಟಿ, ಸೇತುವೆ, ಕೊರೆತ ತಡೆಯುವ ಗೋಡೆ ಮುಂತಾದವುಗಳಿಗೆ ಅನುಮತಿ ಪಡೆದು ಕಟ್ಟಲು ಅವಕಾಶವಿದೆ. ಅಂದರೆ ಕೆಸರಿಗೂ ಮರಳಿಗೂ ಸಿಕ್ಕ ಮಾನ್ಯತೆ ಕಲ್ಲಿಗೆ ಸಿಗಲಿಲ್ಲ.

ಪಟ್ಟಿಯಲ್ಲಿ ಹೆಸರಿದ್ದರೆ ಏನು ಬದಲಾಗುತ್ತದೆ ಎಂಬುದಕ್ಕೆ ಮುಂಬೈ ಸಾಕ್ಷಿ. ಅಲ್ಲಿನ ಕರಾವಳಿ ರಸ್ತೆಯ ಕಾಮಗಾರಿಯಲ್ಲಿ ವರ್ಲಿ, ಹಾಜಿ ಅಲಿಯ ಬಂಡೆಗಳ ಮೇಲೆ ಹವಳದ ಗುಂಪುಗಳು ಕಂಡವು. ಹವಳ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇರುವುದರಿಂದ ಅನುಮತಿ ಪಡೆದು, ವಿಜ್ಞಾನಿಗಳನ್ನು ಕರೆಸಿ, 2020ರಲ್ಲಿ ಅವನ್ನು ಬೇರೆಡೆಗೆ ಸಾಗಿಸಬೇಕಾಯಿತು. ಸಾಗಿಸಿದ್ದು ಸರಿಯೋ ತಪ್ಪೋ, ಆ ವಾದ ಬೇರೆ. ಕೆಲಸವನ್ನು ಒಂದು ಕ್ಷಣ ನಿಲ್ಲಿಸಿ ಯೋಚಿಸುವ ಹಾಗೆ ಮಾಡಿದ್ದು ಆ ಅನುಸೂಚಿ. ಪಕ್ಕದ ಸಿಂಪಿಗೆ, ಬಾರ್ನಕಲ್‌ಗೆ ಅಂಥ ರಕ್ಷೆ ಯಾವ ಪುಟದಲ್ಲೂ ಇಲ್ಲ.

ನಮ್ಮ ರಾಜ್ಯದಲ್ಲಿ ಕಡಲಿನ ಬಗ್ಗೆ ಕಾಳಜಿಯೇ ಇಲ್ಲ ಎಂದು ನಾನು ಹೇಳುವುದಿಲ್ಲ. 2020ರಲ್ಲಿ ಕಾಸರಕೋಡು, ಪಡುಬಿದ್ರಿ ಕಡಲತೀರಗಳಿಗೆ ಸ್ವಚ್ಛ ತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಾಗ ನಾವೆಲ್ಲ ಸಂತೋಷಪಟ್ಟೆವು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. 4801 ಹೆಕ್ಟೇರ್ ಅಳಿವೆಗೆ ಆ ಗೌರವ ಬಂದಾಗ, ಅಲ್ಲಿ ಬೆಳಚು ಎಂಬ ಚಿಪ್ಪುಜೀವಿ ಹೆಕ್ಕಿ ಬದುಕುವವರ ಮಾತೂ ಪತ್ರಿಕೆಗಳಲ್ಲಿ ಬಂತು. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಪಟ್ಟ ಇದೆ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಲಾವಾಕ್ಕೆ ಸಂದ ಮರ್ಯಾದೆ, ಅದೇ ಕಲ್ಲಿನ ಮೇಲೆ ಇವತ್ತು ಬದುಕಿರುವುದಕ್ಕೆ ಯಾವಾಗ ಸಲ್ಲುತ್ತದೋ! ನೆರೆಯ ಮಹಾರಾಷ್ಟ್ರದ ಮಾಲವಣದಲ್ಲಿ 1987ರಲ್ಲೇ ಕಡಲ ಅಭಯಾರಣ್ಯ ಘೋಷಣೆಯಾಯಿತು. ನಮ್ಮಲ್ಲಿಯೂ ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. ತಜ್ಞರು ಕೂಗಳತೆಯಲ್ಲಿದ್ದಾರೆ, ಕೇಳುವವರಿಲ್ಲ.

ತಡೆಗೋಡೆಯ ಕಲ್ಲುಗಳ ಮೇಲೂ ಚಿಪ್ಪುಗಳು ಬೆಳೆಯುತ್ತವಲ್ಲ ಎಂದು ಒಬ್ಬ ಎಂಜಿನಿಯರ್ ನನ್ನನ್ನು ಕೇಳಿದ್ದಾರೆ. ಬೆಳೆಯುತ್ತವೆ, ಕೆಲವು. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಇರುವ ಎತ್ತರದ ವ್ಯತ್ಯಾಸ ಎರಡು ಮೀಟರ್ ಆಸುಪಾಸು. ತೆರೆದ ಕಡಲಿನಲ್ಲಿ ಅಲೆಯ ತುಂತುರು ಮೇಲಿನವರೆಗೂ ಹಾರುವುದರಿಂದ ಜೀವಿಗಳಿಗೆ ಇನ್ನಷ್ಟು ಜಾಗ ಸಿಗುತ್ತದೆ. ಮರೆಯ ಕೊಲ್ಲಿಯಲ್ಲಿ ತುಂತುರಿಲ್ಲ. ಅಲ್ಲಿನ ಇಡೀ ಸಂಸಾರ ಆ ಎರಡು ಮೀಟರಿನೊಳಗೇ ನಡೆಯಬೇಕು. ಇಳಿಜಾರಾದ ಬಂಡೆಯಲ್ಲಿ ಆ ಎರಡು ಮೀಟರ್ ಎತ್ತರ ಹತ್ತಾರು ಹೆಜ್ಜೆ ಅಗಲಕ್ಕೆ ಹರಡಿಕೊಂಡಿರುತ್ತದೆ. ನೆಟ್ಟಗಿನ ಗೋಡೆಯಲ್ಲಿ ಅದು ಎರಡೇ ಮೀಟರ್. ನೀರು ನಿಲ್ಲುವ ಹೊಂಡಗಳೂ ಇಲ್ಲ, ನೆರಳಿನ ಬಿರುಕುಗಳೂ ಇಲ್ಲ. ಸಿಡ್ನಿ ಬಂದರಿನ ಗೋಡೆಗಳಿಗೆ ಆಮೇಲೆ ಹೂಕುಂಡದಂಥ ಕೃತಕ ಹೊಂಡಗಳನ್ನು ಸಿಕ್ಕಿಸಿ, ಕಳೆದುಕೊಂಡದ್ದರಲ್ಲಿ ಒಂದಿಷ್ಟನ್ನು ಮರಳಿ ಪಡೆಯಲು ವಿಜ್ಞಾನಿಗಳು ಪ್ರಯತ್ನಿಸಿದ್ದಾರೆ. ಇರುವ ಹೊಂಡಗಳನ್ನು ಮುಚ್ಚಿ, ಮತ್ತೆ ಹೊಂಡ ಕೊಳ್ಳುವ ಗತಿ ನಮಗೆ ಬೇಡ.

ಹಾಗಾದರೆ ನಾವು ಕೇಳುತ್ತಿರುವುದೇನು? ರಸ್ತೆ ಬೇಡ ಎಂದು ಯಾರೂ ಹೇಳುತ್ತಿಲ್ಲ. ಆಸ್ಪತ್ರೆಗೆ ಹೋಗುವ ದಾರಿ ಅಗಲವಾದರೆ ಮೊದಲು ಅನುಕೂಲವಾಗುವುದು ನನ್ನಂಥ ಮುದುಕರಿಗೆ.

ಮೊದಲನೆಯದಾಗಿ, ನಮ್ಮ ಕೊಲ್ಲಿಯಲ್ಲಿ ಬಂಡೆಗಳ ಮೇಲೆ ಸುರಿದ ಮಣ್ಣನ್ನು ತೆಗೆಸಬೇಕು. ಯಂತ್ರ ಇಳಿಸಿ ಬಂಡೆಯನ್ನೇ ಕೆರೆದುಹಾಕುವ ಹಾಗಲ್ಲ. ಕೋಡಿಬಾಗದ ತಜ್ಞರನ್ನು ಕೇಳಿ, ಇಳಿತದ ಹೊತ್ತಿನಲ್ಲಿ ಕೈಕೆಲಸದಿಂದ. ಕಡಿದ ಗುಡ್ಡದ ಮುಖಕ್ಕೆ ಮುಂದಿನ ಜೂನ್‌ಗೆ ಮೊದಲೇ ಹುಲ್ಲು ಹಿಡಿಸಬೇಕು, ನೀರು ಇಳಿದು ಹೋಗುವ ಕಾಲುವೆಗೆ ಮಣ್ಣು ತಂಗುವ ಗುಂಡಿ ಮಾಡಬೇಕು. ಇಲ್ಲದಿದ್ದರೆ ತೆಗೆದಷ್ಟೂ ಮತ್ತೆ ಬರುತ್ತದೆ.

ಮುಂದಿನ ಯಾವುದೇ ಕಾಮಗಾರಿಗೆ, ಮರೆಯ ಕೊಲ್ಲಿಗಳ ಬಂಡೆದಂಡೆಯ ಪಕ್ಕದಲ್ಲಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮಣ್ಣಿನ ಕೆಲಸ ಮಾಡುವಂತಿಲ್ಲ ಎಂಬ ಷರತ್ತು ಅನುಮತಿ ಪತ್ರದಲ್ಲೇ ಇರಬೇಕು. ಮೀನುಗಳ ಸಂತಾನಕ್ಕೆಂದು ಮಳೆಗಾಲದಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ ಕೊಡುವ ಸರ್ಕಾರಕ್ಕೆ ಈ ತರ್ಕ ಹೊಸದಲ್ಲ. ಉಳಿದ ತಿಂಗಳಲ್ಲೂ ಮಣ್ಣು ನೀರಿಗೆ ಹೋಗದಂತೆ ಪರದೆ ಕಟ್ಟುವುದು ಕಡ್ಡಾಯವಾಗಲಿ. ಕಟ್ಟಿದ್ದಾರೋ ಇಲ್ಲವೋ ಎಂದು ಒಬ್ಬರು ಬಂದು ನೋಡಲಿ.

ಸಮೀಕ್ಷೆಯ ಮಾತು. ಬಂಡೆದಂಡೆಯ ಸಮೀಕ್ಷೆ ದೊಡ್ಡ ಇಳಿತದ ದಿನಗಳಲ್ಲಿ, ಮಳೆಗಾಲಕ್ಕೆ ಮುಂಚೆ ಒಮ್ಮೆ ಮತ್ತು ನಂತರ ಒಮ್ಮೆ ಆಗಬೇಕು. ದಿನಾಂಕ, ಗಂಟೆ, ಆಗಿನ ನೀರಿನ ಮಟ್ಟ ಮೂರನ್ನೂ ವರದಿಯಲ್ಲಿ ಅಚ್ಚು ಹಾಕಬೇಕು. ಇಷ್ಟೇ ಮಾಡಿದರೂ ಅರ್ಧ ಸುಳ್ಳು ನಿಂತುಹೋಗುತ್ತದೆ. ಹಣವಿಲ್ಲ ಎನ್ನಬೇಡಿ, ಇದಕ್ಕೆ ಹಡಗು ಬೇಡ, ಮುಳುಗುಗಾರರು ಬೇಡ. ಸ್ಕಾಟ್ಲೆಂಡಿನ ಒಂದು ಸಣ್ಣ ದ್ವೀಪದ ದಂಡೆಯಲ್ಲಿ ಜೋಸೆಫ್ ಕಾನೆಲ್ ಎಂಬ ವಿಜ್ಞಾನಿ ಬಾರ್ನಕಲ್‌ಗಳನ್ನು ಒಂದೊಂದಾಗಿ ಎಣಿಸಿ 1961ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಜಗತ್ತಿನ ಪರಿಸರ ವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಒಂದು ಮರದ ಚೌಕಟ್ಟು, ನೋಟ್‌ಬುಕ್, ಬಾಗಲು ತಯಾರಿರುವ ಬೆನ್ನು ಸಾಕು. ನಮ್ಮ ಕಾಲೇಜಿನ ಮಕ್ಕಳೇ ಮಾಡಿಕೊಡುತ್ತಾರೆ.

ಜೀವವೈವಿಧ್ಯ ಕಾಯ್ದೆ 2002ರಲ್ಲೇ ಬಂದಿದೆ. ಅದರಡಿ ಪ್ರತಿ ಪಂಚಾಯಿತಿಯಲ್ಲೂ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಕರಾವಳಿ ಪಂಚಾಯಿತಿಗಳ ದಾಖಲಾತಿಗೆ ಬಂಡೆದಂಡೆಯನ್ನು ಸೇರಿಸುವಂತೆ ನೀವು ಸೂಚಿಸಬೇಕು. ಬರೆಸುವಾಗ ಕಲ್ವ ಕೀಳುವ ಹೆಂಗಸರನ್ನು ಮೊದಲು ಕೂರಿಸಿಕೊಳ್ಳಬೇಕು. ಯಾವ ಬಂಡೆಯಲ್ಲಿ ಯಾವ ವರ್ಷ ಕಲ್ವ ಕೂತಿತ್ತು, ಯಾವಾಗಿನಿಂದ ಕಡಿಮೆಯಾಯಿತು ಎಂಬುದು ಅವರಿಗೆ ಬಾಯಿಪಾಠ. ಕೊನೆಯದಾಗಿ, ಜೀವಿಗಳು ದಟ್ಟವಾಗಿರುವ ಬಂಡೆದಂಡೆಗಳನ್ನು 1ಎ ಪಟ್ಟಿಗೆ ಸೇರಿಸುವಂತೆ ರಾಜ್ಯದಿಂದ ಕೇಂದ್ರಕ್ಕೆ ಶಿಫಾರಸು ಹೋಗಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ ಎಂದು ಗೊತ್ತು. ಅಲ್ಲಿಯವರೆಗೆ ರಾಜ್ಯದ ಕರಾವಳಿ ನಕ್ಷೆಯಲ್ಲಿ ಇಂಥ ದಂಡೆಗಳನ್ನು ಗುರುತಿಸಿ, ಅವುಗಳ ಪಕ್ಕದ ಪ್ರತಿ ಅರ್ಜಿಗೂ ಹೆಚ್ಚುವರಿ ಪರಿಶೀಲನೆ ಇಡಬೇಕು.

ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ತಾವೇ ಖುದ್ದು ಬಂದರೆ, ಮಣ್ಣು ಬಿದ್ದ ಬಂಡೆಯನ್ನೂ, ಅಲ್ಲಿಂದ ಕಲ್ಲೆಸೆತದ ದೂರದಲ್ಲಿ ಇನ್ನೂ ಮಣ್ಣು ಮುಟ್ಟದ ಬಂಡೆಯನ್ನೂ ಒಂದೇ ಹೊತ್ತಿಗೆ ತೋರಿಸುತ್ತೇವೆ. ಗಟ್ಟಿ ಅಡಿಯ ಬೂಟು ಹಾಕಿಕೊಂಡು ಬನ್ನಿ, ಸಿಂಪಿಯ ಅಂಚು ಚಪ್ಪಲಿಯನ್ನು ಲೆಕ್ಕಿಸುವುದಿಲ್ಲ. ಬರಲಾಗದಿದ್ದರೆ, ನಮ್ಮ ಮೊದಲ ಮನವಿಗೆ ಲಿಖಿತ ಉತ್ತರವನ್ನಾದರೂ ಕಳುಹಿಸಿ. ಅದರಲ್ಲಿ ಮಳೆಗಾಲದ ಮಾತು ಇರದಿರಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಕಾರವಾರ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ